ಬಾಳೆಹಣ್ಣು, ಮೊಸಳೆ, ಆಮೇಲೆ ನಮ್ಮ ಕಾರಿಡಾರ್

ಗೋಡೆಗೆ ಬೂದು ಟೇಪಿನಲ್ಲಿ ಅಂಟಿಸಿದ ಒಂದೇ ಒಂದು ಬಾಳೆಹಣ್ಣು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 62 ಲಕ್ಷ ಡಾಲರಿಗೆ, ಅಂದ್ರೆ ಹತ್ತಿರ ಹತ್ತಿರ 52 ಕೋಟಿ ರೂಪಾಯಿಗೆ ಹೋಯ್ತು. ಆ ಸುದ್ದಿ ಬಂದ ರಾತ್ರಿ ನಮ್ಮ ಮೆಸ್ಸಿನಲ್ಲೂ ಊಟಕ್ಕೆ ಬಾಳೆಹಣ್ಣೇ ಕೊಟ್ಟಿದ್ರು. ಆಮೇಲೆ ಏನಾಯ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಎರಡನೇ ಮಹಡಿಯ ಗೋಡೆ ತುಂಬ ಬಾಳೆಹಣ್ಣು, ಪ್ರತಿಯೊಂದರ ಕೆಳಗೂ ಕೋಟಿಗಳಲ್ಲಿ ರೇಟು. ವಾರ್ಡನ್ ಮಾತ್ರ ಅಂಥ ಕಲಾರಸಿಕರಾಗಿರಲಿಲ್ಲ.

ನಗು ಮುಗಿದ ಮೇಲೆ ಜಗಳ ಶುರು. ಇದನ್ನ ಮಾಡಿದ್ದು ಇಟಲಿಯ ಮೌರಿಜಿಯೋ ಕ್ಯಾಟೆಲಾನ್, ಕೃತಿಯ ಹೆಸರು 'ಕಮೀಡಿಯನ್'. 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಮೊದಲು ಇಟ್ಟಾಗ ಬೆಲೆ 1.2 ಲಕ್ಷ ಡಾಲರ್. ಡೇವಿಡ್ ಡಟೂನಾ ಅನ್ನೋ ಇನ್ನೊಬ್ಬ ಕಲಾವಿದ ಬಂದು ಆ ಹಣ್ಣನ್ನ ಸುಲಿದು ತಿಂದೇಬಿಟ್ಟ! ಕೃತಿಗೇನೂ ಆಗಲಿಲ್ಲ, ಇನ್ನೊಂದು ಹಣ್ಣು ಅಂಟಿಸಿದ್ರು. ಯಾಕಂದ್ರೆ ಕೊಂಡವರಿಗೆ ಸಿಗೋದು ಹಣ್ಣಲ್ಲ, ಒಂದು ಪ್ರಮಾಣಪತ್ರ ಮತ್ತು ಹೇಗೆ ಅಂಟಿಸಬೇಕು ಅನ್ನೋ ಸೂಚನೆ. "ಸಾಫ್ಟ್‌ವೇರ್ ಲೈಸೆನ್ಸ್ ತರ ಗುರು" ಅಂದ ನಮ್ಮ ಸಿಎಸ್ ಗೆಳೆಯ. ಇದಕ್ಕಿಂತ ಸರಳವಾದ ವಿವರಣೆ ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ಅರ್ಥವಾಯ್ತು, ಆದ್ರೂ ಇಷ್ಟವಾಗಲಿಲ್ಲ. ಹರಾಜಿಗೆ ಇಟ್ಟ ಆ ಹಣ್ಣನ್ನ ಬೀದಿ ಅಂಗಡಿಯಿಂದ ತಂದಿದ್ದು 35 ಸೆಂಟಿಗೆ. ದುಡ್ಡಿದ್ದವರನ್ನ ಗೇಲಿ ಮಾಡುವ ಕೃತಿ ಅಂತಾರೆ, ಸರಿ. ಆದ್ರೆ ಆ ಜೋಕಿಗೆ ಕೋಟಿ ಕೊಟ್ಟು ನಕ್ಕವರೂ ದುಡ್ಡಿದ್ದವರೇ ಅಲ್ವಾ?

"ಹಾಗಾದ್ರೆ ನಿಮಗೆ ಇಷ್ಟ ಆಗೋದು ಯಾವುದು?" ಅಂತ ಯಾರೋ ಕೇಳಿದ್ರು. ಬಹುತೇಕ ಎಲ್ಲರೂ ಹೇಳಿದ್ದು ಒಂದೇ ಹೆಸರು: ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಾವಾದಲ್ಲಿ ಕಲೆ ಓದಿದವರು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ದೊಡ್ಡ ರಸ್ತೆಗುಂಡಿಯೊಂದರಲ್ಲಿ ಇವರು ಮೊಸಳೆಯನ್ನ ತಂದು ಬಿಟ್ಟಿದ್ದು ನೆನಪಿರಬಹುದು. ಫೈಬರಿನದು, ಆದ್ರೆ ನೋಡಿದವರ ಎದೆ ಒಂದು ಕ್ಷಣ ಧಸಕ್ಕೆನ್ನುವ ಹಾಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯೋಕೆ ಕೆಲವೇ ದಿನ ಇದ್ದಾಗ, ಹೇರೋಹಳ್ಳಿ ಕಡೆಯ ರಸ್ತೆಯ ವಿಡಿಯೋ ಬಂತು. ನಾವು ಆಗ ಹೈಸ್ಕೂಲು. ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ತೇಲಿದ ಹಾಗೆ ನಿಧಾನವಾಗಿ ಹೆಜ್ಜೆ ಇಡ್ತಿದ್ದಾನೆ, ಚಂದ್ರನೇ ಅನ್ನಿಸುತ್ತೆ. ಅಷ್ಟರಲ್ಲಿ ಪಕ್ಕದಲ್ಲಿ ಆಟೋ ಹೋಗುತ್ತೆ!

ಆ ಆಟೋ ಇಲ್ದಿದ್ರೆ ಏನೂ ಇಲ್ಲ. ಗುಂಡಿ ಆಗಲೇ ಇತ್ತು, ಕತ್ತಲೆ ಆಗಲೇ ಇತ್ತು. ಇವರು ಸೇರಿಸಿದ್ದು ಒಂದು ವೇಷ, ಒಂದು ನಡಿಗೆ, ಕ್ಯಾಮೆರಾ ಎಲ್ಲಿಡಬೇಕು ಅನ್ನೋ ಲೆಕ್ಕ. ವಿಡಿಯೋ ಹರಡಿದ್ದೇ ತಡ ಬಿಬಿಎಂಪಿಯವರು ಓಡಿಬಂದು ಗುಂಡಿ ಮುಚ್ಚಿದ್ರು. ಮೊಸಳೆಯ ಗುಂಡಿಯೂ ಹಾಗೇ ಮುಚ್ಚಿತು. ಬಾಳೆಹಣ್ಣನ್ನ ಮತ್ತೆ ಮತ್ತೆ ಅಂಟಿಸಿ ಉಳಿಸ್ತಾರೆ, ಇಲ್ಲಿ ಕೃತಿ ಅಳಿಸಿಹೋದಷ್ಟೂ ಕಲಾವಿದನಿಗೆ ಖುಷಿ.

ಇಷ್ಟು ಹೇಳಿ ನಾವು ಗೆದ್ದೆವು ಅಂದುಕೊಂಡಾಗ ಸಿವಿಲ್‌ನ ಗೆಳತಿ ಒಂದು ಗುದ್ದು ಕೊಟ್ಟಳು. "ನೀರು ಹರಿದುಹೋಗೋಕೆ ದಾರಿ ಮಾಡದೆ ಮೇಲೆ ಡಾಂಬರು ಸುರಿದ್ರೆ, ಅಡಿಯ ಜಲ್ಲಿ ನೆನೆದು ಮುಂದಿನ ಮಳೆಗೆ ಮತ್ತೆ ಗುಂಡಿ. ಹಾಗೆ ಮತ್ತೆ ಬಿದ್ರೆ ಆ ವಿಡಿಯೋ ಫೇಲಾ? ನಿಮಗೆ ಇಷ್ಟ ಆಗಿದ್ದು ಕಲೆನೋ, ರಿಪೇರಿನೋ?"

ಉತ್ತರ ಹೇಳೋಕೆ ತಡವಾಯ್ತು. ಎಂಜಿನಿಯರಿಂಗ್‌ಗೆ ಬಂದ ಮೇಲೆ ನಮಗೆ 'ಯೂಸ್ ಏನು?' ಅನ್ನೋ ಚಟ ಅಂಟಿದೆ. ಉಪಯೋಗಕ್ಕೆ ಬಂದ್ರೆ ಮಾತ್ರ ಮೆಚ್ಚುಗೆ. ಆದ್ರೆ ಯೋಚಿಸಿ ನೋಡಿದ್ರೆ, ಆ ವಿಡಿಯೋ ನಮ್ಮನ್ನ ಹಿಡಿದಿದ್ದು ಗುಂಡಿ ಮುಚ್ಚೋದಕ್ಕೂ ಮೊದಲೇ. ದಿನಾ ಬೈಕಿನಲ್ಲಿ ಹಾರಿಸಿಕೊಂಡು ಹೋಗೋ ಥರದ್ದೇ ರಸ್ತೆ ನಾಲ್ಕು ಸೆಕೆಂಡು ನಮಗೇ ಅಪರಿಚಿತವಾಯ್ತಲ್ಲ, ಅದು. ಈ ಲೆಕ್ಕದಲ್ಲಿ ಬಾಳೆಹಣ್ಣಿಗೂ ಅರ್ಧ ಮಾರ್ಕ್ಸು ಕೊಡಬೇಕು, ಇಪ್ಪತ್ತು ಜನರನ್ನ ಬೆಳಗಿನ ಜಾವ ಎರಡರವರೆಗೆ ಕೂರಿಸಿತಲ್ಲ.

ಇದನ್ನೆಲ್ಲ ಬರೆಯೋಕೆ ಇನ್ನೊಂದು ಕಾರಣ ಇದೆ, ಅದು ನಮ್ಮದೇ ತಪ್ಪು. ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಚಿತ್ರಸ್ಪರ್ಧೆಗೆ ಫಸ್ಟ್ ಇಯರ್ ಹುಡುಗನೊಬ್ಬ ಕಾರಿಡಾರಿನಲ್ಲಿ ಮುಖದೆತ್ತರಕ್ಕೆ ಸುಮಾರು ನಲವತ್ತು ಐಡಿ ಕಾರ್ಡು ತೂಗುಹಾಕಿದ್ದ. ಹೆಸರಿಲ್ಲ, ಬರೀ ಯುಎಸ್ಎನ್. ಫೋಟೋ ಇರಬೇಕಾದ ಜಾಗದಲ್ಲಿ ಪುಟ್ಟ ಕನ್ನಡಿ. ನಮ್ಮಲ್ಲೊಬ್ಬ ಅದರಲ್ಲಿ ತಲೆ ಬಾಚಿಕೊಂಡ. ಇನ್ನೊಬ್ಬ "ಇದು ಚಿತ್ರನಾ ಗುರು?" ಅಂದ. ತೀರ್ಪುಗಾರರು ಯಾವ ವಿಭಾಗಕ್ಕೆ ಸೇರಿಸೋದು ಅಂತ ಕೇಳಿದಾಗ ನಮಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಫ್ಲೆಕ್ಸ್ ಕಟ್ಟೋಕೆ ಜಾಗ ಬೇಕು ಅಂತ ನಾವೇ ಕತ್ತರಿ ಹಿಡಿದು ಎಲ್ಲ ಇಳಿಸಿ ರಟ್ಟಿನ ಡಬ್ಬಿಗೆ ತುಂಬಿದೆವು. ಅವನು ಡಬ್ಬಿ ತಗೊಂಡು ಹೋದ, ಒಂದು ಮಾತಾಡಲಿಲ್ಲ.

ಬೆಂಗಳೂರಿನ ಗಗನಯಾತ್ರಿಗೆ ಲೈಕ್ ಒತ್ತಿದ್ದೂ ಇದೇ ಬೆರಳು, ಆ ದಾರ ಕತ್ತರಿಸಿದ್ದೂ ಇದೇ ಬೆರಳು.

ಈ ವರ್ಷ ಅವನ ರೂಮಿಗೆ ಹೋಗಿ ಏನಾದ್ರೂ ಮಾಡು ಮಾರಾಯ ಅಂದೆವು. ನಕ್ಕ. "ಯಾವ ಕಾಲಂನಲ್ಲಿ ಹೆಸರು ಬರ್ಕೋತೀರಾ ಅಣ್ಣ?" ಅಂದ. ಫಾರ್ಮಿನಲ್ಲಿ ರಂಗೋಲಿ, ಪೆನ್ಸಿಲ್ ಸ್ಕೆಚ್, ಫೇಸ್ ಪೇಂಟಿಂಗ್ ಅಷ್ಟೇ ಇತ್ತು. ನಾಲ್ಕನೆಯದೊಂದು ಕಾಲಂ ಹಾಕಿದ್ದೀವಿ, ಹೆಸರು ಇನ್ನೂ ಹೊಳೆದಿಲ್ಲ. ಆ ಕಾರಿಡಾರಿನಲ್ಲಿ ಮಾತ್ರ ಈ ಸಲ ಫ್ಲೆಕ್ಸ್ ಕಟ್ಟಲ್ಲ.