ಜಲಪಾತಕ್ಕೆ ಹೊರಡುವ ಮುನ್ನ

ಮುಂಗಾರು ಬಲಿತು ಗೋಕಾಕ ಜಲಪಾತದ ಚಿತ್ರಗಳು ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಕೂಡಲೇ ನಮ್ಮ ಯುವಜನರಲ್ಲಿ ಪ್ರವಾಸದ ಮಾತು ಮೊಳೆಯುತ್ತದೆ. ಮುಂದಿನ ಭಾನುವಾರ, ಒಂದು ಬಸ್ಸು, ತಲೆಗಿಷ್ಟು ಹಣ, ಕಟ್ಟಿಕೊಂಡ ಬುತ್ತಿ ಎಂದು ಅರ್ಧ ಗಂಟೆಯಲ್ಲಿ ಎಲ್ಲವೂ ನಿಶ್ಚಯವಾಗಿಬಿಡುತ್ತದೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಬಸ್ಸಿನಲ್ಲಿ ಯಾರು ಕುಳಿತಿರುತ್ತಾರೆ, ಯಾರು ಊರಲ್ಲೇ ಉಳಿದಿರುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಹಿರೇಹಂದಿಗೋಳ ಮತ್ತು ಸುತ್ತಣ ಹಳ್ಳಿಗಳಲ್ಲಿ ಆಗಸ್ಟ್ ಕೊನೆಯೆಂದರೆ ಹೆಸರು ಬಿಡಿಸುವ ಕಾಲ. ಮಾಗಿದ ಕಾಯಿಗೆ ಮಳೆ ತಗುಲಿದರೆ ಕಾಳು ಕೆಡುತ್ತದೆ. ಆದುದರಿಂದ ಹೊಲಕ್ಕೆ ಭಾನುವಾರವೆಂಬುದಿಲ್ಲ. ಕೂಲಿಗೆ ಹೋಗುವ ತಾಯಂದಿರಿಗೆ ವರ್ಷದಲ್ಲಿ ನಾಲ್ಕು ಕಾಸು ಕಾಣುವ ದಿನಗಳು ಅವೇ. ಅಂತಹ ದಿನ ಗೊತ್ತುಮಾಡಿದ ಪ್ರವಾಸ ಸಂಬಳದವರ ಪ್ರವಾಸವಾಗುತ್ತದೆಯೇ ಹೊರತು ಧರ್ಮಕೇಂದ್ರದ ಪ್ರವಾಸವಾಗುವುದಿಲ್ಲ.

ಹಾಗೆಂದು ಬೇಸಿಗೆಗೆ ಮುಂದೂಡಿದರೆ ಬರಿಯ ಬಂಡೆಗಳನ್ನು ನೋಡಿ ಬರಬೇಕಾದೀತು. ಸುಮಾರು 52 ಮೀಟರ್ ಎತ್ತರದಿಂದ, ಕುದುರೆ ಲಾಳದ ಆಕಾರದಲ್ಲಿ, ಘಟಪ್ರಭೆ ಕಮರಿಗೆ ಧುಮುಕುವ ವೈಭವ ಮಳೆಗಾಲದ್ದು. ಜಲಪಾತಕ್ಕೆ ಮೇಲ್ಗಡೆ ಧೂಪದಾಳದ ಒಡ್ಡು, ಅದಕ್ಕೂ ಮೇಲೆ ಹಿಡಕಲ್ ಜಲಾಶಯ ಇವೆ. ಬೇಸಿಗೆಯಲ್ಲಿ ನೀರು ಕಾಲುವೆಗಳ ಪಾಲಾಗುತ್ತದೆ. ಅದನ್ನು ನಾವು ದೂರುವಂತಿಲ್ಲ. ಅದೂ ಒಕ್ಕಲಿಗರ ನೀರೇ.

ನಮ್ಮ ಸೂಚನೆ ಇಷ್ಟೆ. ಹೆಸರಿನ ಒಕ್ಕಣೆ ಮುಗಿದು, ಹಿಂಗಾರಿಗೆ ಕೂರಿಗೆ ಹೂಡುವ ಮುನ್ನ, ಸೆಪ್ಟೆಂಬರ್ ನಡುವೆ ಕೆಲವು ದಿನಗಳ ಬಿಡುವು ದೊರೆಯುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿದವರಿಗೆ ಆಗಲೂ ಪೂರ್ತಿ ಬಿಡುವಿಲ್ಲವೆಂಬುದು ನಿಜ. ಆದರೂ ಒಂದು ದಿನ ಹೊಂದಿಸಿಕೊಳ್ಳಬಹುದು. ಸೆಪ್ಟೆಂಬರ್ 1ನ್ನು ಸೃಷ್ಟಿಪಾಲನೆಯ ಪ್ರಾರ್ಥನಾ ದಿನವೆಂದು ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಸಾರಿದರು. ಅಂದಿನಿಂದ ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗೆ ಸೃಷ್ಟಿಯ ಕಾಲವೆಂದು ಆಚರಿಸುವ ರೂಢಿಯಿದೆ. ನಮ್ಮ ಬಿಡುವು ಅದರೊಳಗೇ ಬರುತ್ತದೆ. ಅದೇ ವರ್ಷದ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಅವರು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರ್ಪಡಿಸಲಿಲ್ಲ. ಹೊಲದಲ್ಲಿ ದುಡಿಯುವವರನ್ನು ಹಿಂದೆ ಬಿಟ್ಟು ಸೃಷ್ಟಿಯ ಸೊಬಗನ್ನು ಸವಿಯಹೊರಟರೆ ಆ ಪತ್ರವನ್ನು ನಾವು ಓದಿದಂತಾಗಲಿಲ್ಲ.

ಹಣದ ಮಾತು. ತಲೆಗಿಷ್ಟು ಎಂಬುದನ್ನು ಬಿಟ್ಟು, ಉಳ್ಳವರು ಎರಡು ಸೀಟಿನ ಹಣ ಕೊಡಲಿ. ಯಾರದು ಯಾರು ಕೊಟ್ಟರೆಂಬುದು ಗುರುಗಳಿಗೆ ಮಾತ್ರ ತಿಳಿದಿರಲಿ.

ಇನ್ನು ಜಾಗ್ರತೆ. ಘಟಪ್ರಭೆಯ ನೀರು ಸಹ್ಯಾದ್ರಿಯ ಮಳೆಯಿಂದ ಬರುತ್ತದೆ. ನಮ್ಮಲ್ಲಿ ಬಿಸಿಲಿದೆಯೆಂದು ನದಿ ಶಾಂತವಾಗಿದೆಯೆನ್ನಲಾಗದು. ಜಲಾಶಯದಿಂದ ನೀರು ಬಿಟ್ಟರೆ ಬಂಡೆಯ ಮೇಲೆ ನಿಂತವನಿಗೆ ಅದರ ಸುಳಿವು ಸಿಗಲಿಕ್ಕಿಲ್ಲ. 2019ರ ಆಗಸ್ಟ್‌ನಲ್ಲಿ ಇದೇ ನದಿ ಗೋಕಾಕ ಪಟ್ಟಣಕ್ಕೇ ನುಗ್ಗಿತ್ತು. ಹಿಂದಿನ ದಿನ ನೀರು ಬಿಡುವ ಸುದ್ದಿಯನ್ನು ವಿಚಾರಿಸಿ, ಹೆಚ್ಚು ನೀರಿದ್ದರೆ ಪ್ರವಾಸ ಮುಂದಕ್ಕೆ ಹಾಕಬೇಕು. ಕೊಟ್ಟ ಬಸ್ಸಿನ ಮುಂಗಡ ಹೋದರೆ ಹೋಗಲಿ. ತೂಗುಸೇತುವೆಗೆ ಪ್ರವೇಶವಿದೆಯೇ ಎಂದೂ ಕೇಳಿ ತಿಳಿಯತಕ್ಕದ್ದು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಅಂತಹ ಸೇತುವೆ ಹರಿದು ನೂರಮೂವತ್ತಕ್ಕೂ ಹೆಚ್ಚು ಜನ ಸತ್ತುದನ್ನು ಮರೆಯುವಂತಿಲ್ಲ. ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವ ಹುಡುಗರನ್ನು ಗದರಿಸಲು ಒಬ್ಬಿಬ್ಬರು ಹಿರಿಯರು ಬಸ್ಸಿನಲ್ಲಿರುವುದು ಅಗತ್ಯ.

ನರಗುಂದ, ಸವದತ್ತಿ, ಯರಗಟ್ಟಿಗಳನ್ನು ದಾಟಿ ಹೋಗುವ ದೂರದ ದಾರಿಯಾದುದರಿಂದ ಬೆಳಗಿನ ಬಲಿಪೂಜೆ ತಪ್ಪುವ ಸಂಭವವಿದೆ. ಶನಿವಾರ ಸಂಜೆಯ ಬಲಿಪೂಜೆಗೆ ಗುರುಗಳನ್ನು ಮೊದಲೇ ವಿನಂತಿಸಿಕೊಳ್ಳಬಹುದು. ದಡದಲ್ಲಿ ಧ್ವನಿವರ್ಧಕ ಬೇಡ. 42ನೆಯ ಕೀರ್ತನೆಯನ್ನು ಹಾಡಿದವನಿಗೆ ಜಲಪಾತದ ಮೊರೆತದಲ್ಲಿ ತನ್ನ ಸಂಕಟದ ಅಲೆಗಳೇ ಕೇಳಿಸಿದವು. ಯಾರಾದರೂ ಒಬ್ಬರು ಅದನ್ನು ಓದಲಿ. ಬಳಿಕ ಅರ್ಧ ಗಂಟೆ ಎಲ್ಲರೂ ಸುಮ್ಮನೆ ಕುಳಿತು ನೀರಿನ ಸದ್ದನ್ನು ಕೇಳಲಿ. ರೊಟ್ಟಿಬುತ್ತಿ ಬಿಚ್ಚುವುದು ಅನಂತರ. ಕಟ್ಟಿತಂದ ಪ್ಲಾಸ್ಟಿಕ್ಕು ಅದೇ ಚೀಲದಲ್ಲಿ ಊರಿಗೆ ಮರಳಬೇಕು.