ಊಟ ಆದ ಮೇಲೆ ನೋಡಬೇಕಾದ ಸಿನಿಮಾ

ನಾನು ಹುಟ್ಟಿದ್ದು ತೊಂಬತ್ತರ ದಶಕದ ನಡುವೆ. ಆದರೆ ಹಾರರ್ ಸಿನಿಮಾ ಅಂದ್ರೆ ನನಗೆ ಎಂಬತ್ತರ ದಶಕದ್ದೇ ಆಗಬೇಕು. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕ್‌ನಲ್ಲಿ 'ಏಯ್ಟೀಸ್' ಅಂತ ಒಂದು ಫೋಲ್ಡರ್ ಇತ್ತು. ಇಂಟರ್ನಲ್ಸ್ ಹಿಂದಿನ ರಾತ್ರಿಗಳಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು ಅದನ್ನ ಪೂರ್ತಿ ನೋಡಿ ಮುಗಿಸಿದ್ವಿ. ಮಾರ್ಕ್ಸ್ ಬಗ್ಗೆ ಕೇಳಬೇಡಿ.

ಆ ಫೋಲ್ಡರ್‌ನಲ್ಲಿದ್ದ ಒಳ್ಳೆಯ ಸಿನಿಮಾಗಳಲ್ಲಿ ಸುಮಾರು ಪುಸ್ತಕದಿಂದಲೋ ಹಳೇ ಸಿನಿಮಾದಿಂದಲೋ ಬಂದವು. ನಮ್ಮ 'ಆಪ್ತಮಿತ್ರ' ಮಲಯಾಳದ 'ಮಣಿಚಿತ್ರತ್ತಾಳ್'ನಿಂದ ಬಂತಲ್ಲ, ಹಾಗೆ. ಒಂದೇ ಕಥೆ ಒಬ್ಬರ ಕೈಯಲ್ಲಿ ನಿದ್ದೆ ಕೆಡಿಸುತ್ತೆ, ಇನ್ನೊಬ್ಬರ ಕೈಯಲ್ಲಿ ಆಕಳಿಕೆ ತರಿಸುತ್ತೆ. ಯಾಕೆ?

ಇದಕ್ಕೆ ಉತ್ತರ ಹೊಳೆದದ್ದು ಆಫೀಸಿನಲ್ಲಿ. ಒಂದು ವರ್ಷದಿಂದ ನನ್ನ ಕೆಲಸ, ಹಳೇ ಸಿಸ್ಟಂ ಒಂದನ್ನ ಹೊಸ ಭಾಷೆಯಲ್ಲಿ ಮತ್ತೆ ಬರೆಯೋದು. ಸಾಲು ಸಾಲಾಗಿ ಹಾಗೇ ಇಳಿಸಿದರೆ ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ. ಮುಗೀತು ಕೂಡ. ಆದರೆ ಓಡಲಿಲ್ಲ. ಹಳೇ ಕೋಡ್ ಏನು ಮಾಡುತ್ತೆ ಅಂತ ನೋಡಿದ್ದೆ, ಯಾಕೆ ಹಾಗೆ ಮಾಡುತ್ತೆ ಅಂತ ಯೋಚಿಸಿರಲಿಲ್ಲ. ಸಿನಿಮಾದವರಿಗೂ ಇದೇ ಪಾಡು.

'ದಿ ಶೈನಿಂಗ್' ತಗೊಳ್ಳಿ. ಸ್ಟೀಫನ್ ಕಿಂಗ್ ಕಾದಂಬರಿ ಬಂದದ್ದು 1977ರಲ್ಲಿ, ಸ್ಟ್ಯಾನ್ಲಿ ಕುಬ್ರಿಕ್ ಸಿನಿಮಾ 1980ರಲ್ಲಿ. ಹಿಮದಲ್ಲಿ ಮುಚ್ಚಿಹೋದ ಹೋಟೆಲ್, ಅದನ್ನ ಚಳಿಗಾಲ ಪೂರ್ತಿ ನೋಡಿಕೊಳ್ಳೋಕೆ ಬಂದ ಜ್ಯಾಕ್, ಹೆಂಡತಿ, ಪುಟ್ಟ ಮಗ. ಕುಬ್ರಿಕ್ ಬೇಕಾದಷ್ಟು ಬದಲಾಯಿಸಿದ. ಕಾದಂಬರಿಯಲ್ಲಿ ಗಿಡ ಕತ್ತರಿಸಿ ಮಾಡಿದ ಪ್ರಾಣಿಗಳು ಜೀವ ಪಡೆದು ಬರುತ್ತವೆ, ಸಿನಿಮಾದಲ್ಲಿ ಅದರ ಜಾಗಕ್ಕೆ ಗಿಡಗಳ ಚಕ್ರವ್ಯೂಹ. ಕೊನೆಯಲ್ಲಿ ಹೋಟೆಲಿನ ಬಾಯ್ಲರ್ ಸಿಡಿಯುವ ಬದಲು ಜ್ಯಾಕ್ ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಕಿಂಗ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. 1997ರಲ್ಲಿ ತಾನೇ ಚಿತ್ರಕಥೆ ಬರೆದು ಟಿವಿ ಸರಣಿ ಮಾಡಿಸಿದ. ಅದರಲ್ಲಿ ಗಿಡದ ಪ್ರಾಣಿಗಳೂ ಇವೆ, ಬಾಯ್ಲರ್ರೂ ಇದೆ. ನಾನು ನೋಡಿದೆ. ಭಯ ಮಾತ್ರ ಆಗಲಿಲ್ಲ.

ಹಾಗಂತ ಕಿಂಗ್ ಹೇಳಿದ್ದು ತಪ್ಪು ಅಂತ ನನಗನ್ನಿಸಲ್ಲ. ಕಾದಂಬರಿಯ ಜ್ಯಾಕ್ ಕುಡಿತ ಬಿಡೋಕೆ ಒದ್ದಾಡುತ್ತಿರುವ ಅಪ್ಪ. ಮಗನ ಮೇಲೆ ಪ್ರಾಣವಿಟ್ಟವನು, ಹಿಂದೊಮ್ಮೆ ಸಿಟ್ಟಿನಲ್ಲಿ ಅದೇ ಮಗನ ಕೈ ಮುರಿದವನು. ಕೊನೆಯಲ್ಲಿ ಒಂದು ಕ್ಷಣ ಮತ್ತೆ ಅಪ್ಪನಾಗಿ, ಓಡಿಹೋಗು ಅಂತ ಮಗನಿಗೆ ಹೇಳುತ್ತಾನೆ. ಸಿನಿಮಾದಲ್ಲಿ ಆ ಕ್ಷಣ ಇಲ್ಲ. ಕಿಂಗ್ ಬರೆದದ್ದು ಅಪ್ಪನಿಗೆ ತನ್ನ ಮೇಲೇ ಇರುವ ಭಯವನ್ನ. ಕುಬ್ರಿಕ್ ತೆಗೆದದ್ದು ಮಗನಿಗೆ ಅಪ್ಪನ ಮೇಲಿರುವ ಭಯವನ್ನ. ಎರಡೂ ನಿಜವಾದ ಭಯಗಳೇ, ಅದಕ್ಕೇ ಎರಡೂ ನಿಂತವು. ಟಿವಿ ಸರಣಿಗೆ ಘಟನೆಗಳೆಲ್ಲ ಸಿಕ್ಕವು, ಭಯ ಪುಸ್ತಕದಲ್ಲೇ ಉಳೀತು.

ಇನ್ನು ಥ್ರಿಲ್ಲರ್. ಥಾಮಸ್ ಹ್ಯಾರಿಸ್‌ನ 'ರೆಡ್ ಡ್ರ್ಯಾಗನ್' (1981) ಎರಡು ಸಲ ಸಿನಿಮಾ ಆಗಿದೆ. ಮೈಕಲ್ ಮನ್‌ನ 'ಮ್ಯಾನ್‌ಹಂಟರ್' 1986ರಲ್ಲಿ, ಬ್ರೆಟ್ ರ್ಯಾಟ್ನರ್‌ನ 'ರೆಡ್ ಡ್ರ್ಯಾಗನ್' 2002ರಲ್ಲಿ. ತಮಾಷೆ ಅಂದ್ರೆ ಎರಡಕ್ಕೂ ಕ್ಯಾಮೆರಾ ಹಿಡಿದದ್ದು ಒಬ್ಬನೇ, ಡಾಂಟೆ ಸ್ಪಿನೊಟ್ಟಿ. 2002ರದ್ದು ಪುಸ್ತಕಕ್ಕೆ ಹೆಚ್ಚು ಹತ್ತಿರ. ಆದರೆ ಅಷ್ಟು ಹೊತ್ತಿಗೆ ಹ್ಯಾನಿಬಲ್ ಅಂದ್ರೆ ಆಂಥನಿ ಹಾಪ್‌ಕಿನ್ಸ್ ಅಂತಾಗಿತ್ತು. ಆತ ತೆರೆ ಮೇಲೆ ಬಂದ ಕೂಡಲೇ ನಾವು ಹಳೇ ಗೆಳೆಯ ಸಿಕ್ಕಂತೆ ಖುಷಿಪಡ್ತೀವಿ. ಹೆದರೋದು ಎಲ್ಲಿ?

'ಮ್ಯಾನ್‌ಹಂಟರ್'ನಲ್ಲಿ ಅದೇ ಪಾತ್ರ ಮಾಡಿದ ಬ್ರಯಾನ್ ಕಾಕ್ಸ್ ಇರೋದು ಕೆಲವೇ ನಿಮಿಷ. ಸಿನಿಮಾ ಪೂರ್ತಿ ತನಿಖೆ ಮಾಡುವ ವಿಲ್ ಗ್ರಹಾಂನದ್ದು. ಕೊಲೆಗಾರನನ್ನ ಹಿಡಿಯಬೇಕಾದರೆ ಅವನ ಹಾಗೇ ಯೋಚಿಸಬೇಕು. ಹಾಗೆ ಯೋಚಿಸಿದ ಮೇಲೆ ಮೊದಲಿನ ಮನುಷ್ಯನಾಗಿ ಮನೆಗೆ ವಾಪಸ್ ಬರ್ತೀನಾ ಅನ್ನೋದೇ ಅವನ ಭಯ. ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಕೊಳ್ಳುತ್ತಾ ಆತ ಹುಡುಗನಿಗೆ ಇದನ್ನ ವಿವರಿಸುವ ದೃಶ್ಯ ಇದೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ನನಗೆ ಇಡೀ ಸಿನಿಮಾದಲ್ಲಿ ಕಾಡಿದ್ದು ಅದೇ.

'ಮ್ಯಾನ್‌ಹಂಟರ್' ಅಮೆರಿಕದಲ್ಲಿ ಬಿಡುಗಡೆ ಆದದ್ದು 1986ರ ಆಗಸ್ಟ್ 15ರಂದು. ಅದೇ ದಿನ ಪಕ್ಕದ ತೆರೆಗೆ ಬಂದದ್ದು ಡೇವಿಡ್ ಕ್ರೊನೆನ್‌ಬರ್ಗ್‌ನ 'ದಿ ಫ್ಲೈ'. ಇಷ್ಟೆಲ್ಲ ಪೀಠಿಕೆ ಹಾಕಿದ್ದು ಈ ಸಿನಿಮಾ ಬಗ್ಗೆ ಹೇಳೋಕೇ.

ಜಾರ್ಜ್ ಲ್ಯಾಂಗೆಲಾನ್ ಬರೆದ ಮೂಲ ಕಥೆ 1957ರದ್ದು, ಮೊದಲ ಸಿನಿಮಾ 1958ರದ್ದು. ಮನುಷ್ಯನನ್ನ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಸಾಗಿಸುವ ಯಂತ್ರ. ವಿಜ್ಞಾನಿ ಒಳಗೆ ಹೋಗುವಾಗ ಒಂದು ನೊಣವೂ ಹೋಗುತ್ತೆ. ಹಳೇ ಸಿನಿಮಾದಲ್ಲಿ ತಲೆ, ಕೈ ಅದಲುಬದಲಾಗಿ ನೊಣದ ತಲೆ ಹೊತ್ತವನು ಹೊರಗೆ ಬರುತ್ತಾನೆ. 1986ರದ್ದರಲ್ಲಿ ಹಾಗಿಲ್ಲ. ಸೆತ್ ಬ್ರಂಡಲ್ ಬಾಗಿಲು ತೆಗೆದು ಚೆನ್ನಾಗಿಯೇ ಹೊರಗೆ ಬರುತ್ತಾನೆ. ಒಳಗೆ ಎರಡು ಜೀವ ಇದ್ದರೆ ಏನು ಮಾಡಬೇಕು ಅಂತ ಕಂಪ್ಯೂಟರ್‌ಗೆ ಯಾರೂ ಹೇಳಿರಲಿಲ್ಲ. ಎರರ್ ಕೊಟ್ಟು ನಿಲ್ಲೋ ಬದಲು ಅದು ಎರಡನ್ನೂ ಜೀನ್ ಮಟ್ಟದಲ್ಲಿ ಸೇರಿಸಿಬಿಟ್ಟಿದೆ. ನಮ್ಮ ವೃತ್ತಿಯವರಿಗೆ ಇದಕ್ಕಿಂತ ಹಾರರ್ ಬೇಕಾ? ಬಗ್ ಅಂದ್ರೆ ನಿಜವಾಗಲೂ ಬಗ್!

ಹಾಸ್ಟೆಲ್‌ನಲ್ಲಿ ಈ ಜೋಕಿಗೆ ನಾವು ನಕ್ಕಿದ್ದೂ ನಕ್ಕಿದ್ದೇ. ಬ್ರಂಡಲ್‌ನ ಉಗುರು ಕಿತ್ತು ಬಂದಾಗಲೂ ನಗು, ಕಿವಿ ಕಳಚಿ ಬಿದ್ದಾಗಲೂ ನಗು.

ಎರಡನೇ ಸಲ ಅದನ್ನ ನೋಡಿದ್ದು ಹೋದ ವರ್ಷ, ಅರಸೀಕೆರೆಯ ನಮ್ಮ ಮನೆಯಲ್ಲಿ, ಅಪ್ಪನ ಜೊತೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಬೋರ್ಡಿನ ಮೇಲೆ ಕೈಯಲ್ಲೇ ವೃತ್ತ ಬರೆದರೆ ಕೈವಾರ ಇಟ್ಟ ಹಾಗೆ ಇರ್ತಿತ್ತಂತೆ. ಮೂರು ವರ್ಷದಿಂದ ಪಾರ್ಕಿನ್ಸನ್ಸ್. ಅಕ್ಷರ ಸಣ್ಣದಾಗುತ್ತಾ ಬಂದು ಈಗ ಇರುವೆ ಸಾಲಿನ ಹಾಗಾಗಿದೆ. ಆದರೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮಾತ್ರೆ ಎಷ್ಟು ಗಂಟೆಗೆ, ನಡುಕ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು ಇತ್ತು, ಎಲ್ಲಾ ಅದರಲ್ಲಿ ಬರೆದಿಡ್ತಾರೆ.

ನಾನು ಒಬ್ಬನೇ ನೋಡೋಣ ಅಂತ ಹಾಕಿದ್ದೆ. ಅಮ್ಮ ಒಂದು ಸಲ ಇಣುಕಿ "ಥೂ, ಏನೋ ಇದು ಊಟದ ಹೊತ್ತಲ್ಲಿ" ಅಂದರು. ಅಪ್ಪ ಮಾತ್ರ ಬಂದು ಕೂತರು. ಬ್ರಂಡಲ್ ತನ್ನ ಮೈಯಲ್ಲಿ ಏನೇನು ಬದಲಾಗುತ್ತಿದೆ ಅಂತ ದಾಖಲಿಸ್ತಾ, ಕಳಚಿ ಬಿದ್ದದ್ದನ್ನೆಲ್ಲ ಬಾತ್‌ರೂಮ್ ಬೀರುವಿನಲ್ಲಿ ಜೋಡಿಸಿಡ್ತಾನೆ. ಅಪ್ಪ ಹೇಳಿದ್ದು ಇಷ್ಟು: "ಲೆಕ್ಕ ಸರಿಯಾಗಿ ಇಟ್ಟಿದ್ದಾನೆ ನೋಡು."

ಆಮೇಲೆ ಕಿವಿಯ ದೃಶ್ಯ ಬಂತು. ಬ್ರಂಡಲ್ ಹೆದರಿ, ಸಹಾಯ ಮಾಡು ಅಂತ ವೆರೋನಿಕಾನ ಬೇಡ್ತಾನೆ. ಅವಳು ಅವನನ್ನ ತಬ್ಬಿಕೊಳ್ತಾಳೆ. ಆ ಮುಖ, ಆ ಕೀವು, ಎಲ್ಲದರ ಸಮೇತ. ಹಾಸ್ಟೆಲ್‌ನಲ್ಲಿ ನಾನು ಇದನ್ನ ನೋಡೇ ಇರಲಿಲ್ಲ, ಕಿವಿಯನ್ನಷ್ಟೇ ನೋಡಿದ್ದೆ.

"ಆ ಹುಡುಗಿ ಒಳ್ಳೆಯವಳು" ಅಂದರು ಅಪ್ಪ.

ನನಗೆ ಮಾತು ಹೊರಡಲಿಲ್ಲ. ಎರಡು ತಿಂಗಳ ಹಿಂದೆ ಚಿಕ್ಕಪ್ಪನ ಮಗಳ ಮದುವೆ ಆಗಿತ್ತು. ಊಟದ ಪಂಕ್ತಿಯಲ್ಲಿ ಅಪ್ಪನ ಪಕ್ಕದ ಎಲೆ ಖಾಲಿ ಇತ್ತು. ಅವರು ಊಟ ಮಾಡುವಾಗ ಕೈ ನಡುಗಿ ಸಾರು ಚೆಲ್ಲುತ್ತೆ, ಅನ್ನ ಪಂಚೆ ಮೇಲೆ ಬೀಳುತ್ತೆ. ಎದುರಿಗೆ ನನ್ನ ಆಫೀಸಿನ ಗೆಳೆಯರು ಕೂತಿದ್ದರು. ನಾನು ಫೋನ್ ಬಂತು ಅಂತ ಎದ್ದು ಹೋಗಿ, ಮುಂದಿನ ಪಂಕ್ತಿಯಲ್ಲಿ ಊಟ ಮಾಡಿದೆ. ಫೋನ್ ಬಂದಿರಲಿಲ್ಲ. ಅಪ್ಪನಿಗೆ ಅದು ಗೊತ್ತಾಯ್ತಾ ಇಲ್ಲವಾ ಅಂತ ನಾನು ಇವತ್ತಿಗೂ ಕೇಳಿಲ್ಲ.

ಕಥೆಯಲ್ಲಿ, ಮೊದಲ ಸಿನಿಮಾದಲ್ಲಿ, ಎರಡನೆಯದರಲ್ಲಿ ತಲೆ ಬದಲಾಯ್ತು, ಯಂತ್ರ ಬದಲಾಯ್ತು, ಹೆಸರುಗಳು ಬದಲಾದವು. ಕೊನೆಗೆ ಪ್ರೀತಿಸಿದವಳ ಕೈಯಿಂದಲೇ ಅವನು ಸಾವು ಕೇಳೋದು ಮಾತ್ರ ಬದಲಾಗಲಿಲ್ಲ. ಕ್ರೊನೆನ್‌ಬರ್ಗ್ ಹಳೇ ಕಥೆಯಲ್ಲಿ ಹುಡುಕಿ ಉಳಿಸಿಕೊಂಡದ್ದು ಇದನ್ನ: ನಮ್ಮವರು ನಮ್ಮ ಕಣ್ಣೆದುರೇ ದಿನಾ ಸ್ವಲ್ಪ ಸ್ವಲ್ಪ ಬೇರೆಯವರಾಗ್ತಾ ಹೋದರೆ, ಹತ್ತಿರ ಇರ್ತೀವಾ? ಇಪ್ಪತ್ತರಲ್ಲಿ ನನಗೆ ಆ ಪ್ರಶ್ನೆ ಕೇಳಿಸಲಿಲ್ಲ. ನೊಣ ಕಂಡಿತು, ನಕ್ಕೆ.

ಹೋದ ತಿಂಗಳು ಇನ್ನೊಂದು ಗೃಹಪ್ರವೇಶ ಇತ್ತು. ಅಪ್ಪನ ಪಕ್ಕದ ಎಲೆಗೆ ಮೊದಲೇ ಹೋಗಿ ಕೂತೆ. ಸಾರು ಚೆಲ್ಲಿತು, ಒರೆಸಿದೆ. ಪಾಯಸಕ್ಕೆ ಲೋಟ ಕೇಳಿ ತರಿಸಿದೆ. ಅಪ್ಪ ಹೋಳಿಗೆ ಎರಡು ಹಾಕಿಸಿಕೊಂಡರು.

ಈ ವಾರಾಂತ್ಯ ನೀವೂ 'ದಿ ಫ್ಲೈ' ನೋಡಿ, 1986ರದ್ದನ್ನೇ. ಊಟ ಮಾತ್ರ ಮೊದಲೇ ಮುಗಿಸಿಕೊಳ್ಳಿ. ಅಮ್ಮ ಹೇಳಿದ್ದು ಸರಿ.