ಡಿಸೋಜ ಅಂದರೆ ಒಂದು ನದಿ

ಹಂಪನಕಟ್ಟೆ ಸಿಗ್ನಲ್‌ನಲ್ಲಿ ನಿಂತು ‘ಓ ಡಿಸೋಜ’ ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡ್ತಾರೋ! ನಮ್ಮ ಇಂಜಿನಿಯರಿಂಗ್ ಕ್ಲಾಸಲ್ಲೇ ನಾಲ್ವರಿದ್ದೆವು. ಹಾಗಾಗಿ ಕುಲಶೇಖರದ ಡಿಸೋಜ, ಬೊಂದೇಲಿನ ಡಿಸೋಜ ಅಂತ ಊರು ಸೇರಿಸಿ ಕರೆಯೋರು. ತಮಾಷೆ ಏನು ಗೊತ್ತಾ? ಡಿಸೋಜ ಅನ್ನೋದೇ ಒಂದು ಜಾಗದ ಗುರುತು.

ಉತ್ತರ ಪೋರ್ಚುಗಲ್‌ನಲ್ಲಿ ಸೋಜ ಎಂಬ ನದಿಯಿದೆ. ‘ಡಿ’ ಅಂದರೆ ‘ಅಲ್ಲಿನವರು’. ನೇತ್ರಾವತಿಯ ನೀರು ಕುಡಿದು ಬೆಳೆದ ನಮಗೆ ಆ ನದಿಯ ಹೆಸರು ಹೇಗೆ ಬಂತು? ರಕ್ತಸಂಬಂಧದಿಂದಲ್ಲ. ಗೋವಾದಲ್ಲಿ ಮತಾಂತರವಾದವರಿಗೆ ದೀಕ್ಷಾಸ್ನಾನದ ಹೊತ್ತಿಗೆ ಪಾದ್ರಿಯ ಅಥವಾ ಜ್ಞಾನಪಿತರ ಸರ್‌ನೇಮ್ ಕೊಡುವುದು ರೂಢಿಯಾಗಿತ್ತು. ಮುಂದೆ 1560ರಲ್ಲಿ ಅಲ್ಲಿ ಶುರುವಾದ ಇನ್‌ಕ್ವಿಸಿಷನ್, ಮರಾಠರ ದಾಳಿ, ಬರಗಾಲ ಹೀಗೆ ಒಂದೊಂದು ಕಾರಣಕ್ಕೆ ಜನ ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದರು. ಹೆಸರೂ ಜೊತೆಗೆ ಬಂತು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರ ನಂತರ ಬದುಕುಳಿದವರು ವಾಪಸಾದರು. ಅಷ್ಟಾದರೂ ಹೆಸರು ಅಳಿಯಲಿಲ್ಲ.

ಉಳಿದ ಸರ್‌ನೇಮ್‌ಗಳ ಅರ್ಥ ಇನ್ನೂ ಮಜಾ. ಪಿಂಟೊ ಅಂದರೆ ಕೋಳಿಮರಿ, ಲೋಬೊ ತೋಳ, ಕುವೆಲ್ಲೊ ಮೊಲ. ತೇಜಸ್ವಿಯವರ ‘ಕರ್ವಾಲೊ’ ಓದಿದ್ದೀರಲ್ಲ, ಆ ಹೆಸರಿನ ಅರ್ಥ ಓಕ್ ಮರ! ಫೆರ್ನಾಂಡಿಸ್ ಅಂದರೆ ಫೆರ್ನಾಂಡೊನ ಮಗ. ಬರ್ಗರ್ ತಿನ್ನುವಾಗ ನೆನಪಿಸಿಕೊಳ್ಳಿ: ಸ್ಕಾಟ್ಲೆಂಡಿನ ಮೆಕ್‌ಡೊನಾಲ್ಡ್ ಕೂಡ ಅದೇ ಲೆಕ್ಕ, ಡೊನಾಲ್ಡನ ಮಗ.

ಇದಕ್ಕಿಂತ ಹಳೆಯ ಪದರವೂ ಇದೆ. ಹಲವು ಕ್ರೈಸ್ತ ಮನೆತನಗಳು ಪ್ರಭು, ಕಾಮತ್, ಪೈ, ಶೆಣೈ, ನಾಯಕ್ ಎಂಬ ಮೂಲ ಹೆಸರನ್ನು ಇವತ್ತಿಗೂ ಮರೆತಿಲ್ಲ. ದಾಖಲೆಯಲ್ಲಿ ಒಂದು ಹೆಸರು, ಮನೆಯ ನೆನಪಲ್ಲಿ ಇನ್ನೊಂದು.

ಈಗ ನನ್ನ ಕಸುಬಿನ ಮಾತಿಗೆ ಬರ್ತೇನೆ. ಇಂಗ್ಲಿಷಿನಲ್ಲಿ ಡಿ ಮತ್ತು ಎಸ್ ನಡುವೆ ಒಂದು ಅಪಾಸ್ಟ್ರಫಿ ಹಾಕ್ತೇವಲ್ಲ, ಡೇಟಾಬೇಸ್ ಭಾಷೆಯಲ್ಲಿ ಅದೇ ಚಿಹ್ನೆ ಪಠ್ಯ ಮುಗಿಯಿತು ಅನ್ನೋದಕ್ಕೆ ಸಂಕೇತ. ಸರಿಯಾಗಿ ಬರೆದ ಕೋಡ್ ಇದನ್ನು ಸಲೀಸಾಗಿ ನಿಭಾಯಿಸುತ್ತೆ. ಆದರೆ ಕೆಲವು ವೆಬ್‌ಸೈಟ್‌ಗಳು ‘ಹೆಸರು ಅಮಾನ್ಯ’ ಅಂತ ವಾಪಸ್ ಕಳಿಸಿಬಿಡ್ತವೆ. ನಮ್ಮ ಹೆಸರು ನಮಗೇ ಅಮಾನ್ಯ! ಆಗ ಒಬ್ಬರು ಚಿಹ್ನೆ ಬಿಡ್ತಾರೆ, ಇನ್ನೊಬ್ಬರು ಜಾಗ ಬಿಡ್ತಾರೆ. ಸಾಲದ್ದಕ್ಕೆ ಎಸ್ಸೋ ಝಡ್ಡೋ ಎಂಬ ಗೊಂದಲ. ಪೋರ್ಚುಗಲ್‌ನಲ್ಲಿ ಈಗ ಹೆಚ್ಚಾಗಿ ಎಸ್, ಬ್ರೆಜಿಲ್‌ನಲ್ಲಿ ಝಡ್ ಕೂಡ ಸಾಮಾನ್ಯ, ಎರಡೂ ತಪ್ಪಲ್ಲ.

ಆದರೆ ಕಚೇರಿಗಳಿಗೆ ಅದು ತಿಳಿಯೋದಿಲ್ಲ. ಅಜ್ಜನ ಜಾಗ ಪಪ್ಪನ ಹೆಸರಿಗೆ ಮಾಡಿಸಲು ಹೋದಾಗ ಪಹಣಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು. ‘ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ’ ಅಂದರು. ಎಂಟು ತಿಂಗಳು ಪಪ್ಪ ಓಡಾಡಿದ್ದು ಒಂದು ಅಕ್ಷರಕ್ಕೋಸ್ಕರ.

ಹಾಗಾಗಿ ಈ ಭಾನುವಾರ ಎರಡು ಕೆಲಸ ಮಾಡಿ. ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಪಹಣಿ ನಾಲ್ಕನ್ನೂ ಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರಕ್ಕಕ್ಷರ ತಾಳೆ ನೋಡಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು, ‘ನಮಗೆ ಇದಕ್ಕೂ ಮೊದಲು ಏನು ಹೆಸರಿತ್ತು?’ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ದಾಖಲೆಯ ತಪ್ಪನ್ನು ತಡವಾದರೂ ತಿದ್ದಿಸಬಹುದು. ಹಿರಿಯರ ನೆನಪಿಗೆ ಬ್ಯಾಕಪ್ ಇಲ್ಲ.